ಘಟ್ಟ ಇಳಿದರೆ ಕೋಟೆ: ಕೊಡಗಿನಿಂದ ಕಣ್ಣೂರು, ತಲಶೇರಿ ನೋಡಿ ಬರುವ ಬಗೆ

ಕೊಡಗಿನವರು ಕಣ್ಣೂರಿಗೆ ಯಾಕೆ ಹೋಗುತ್ತಾರೆ? ವಿಮಾನ ಹತ್ತೋಕೆ, ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಸಂಬಂಧಿಕರ ಮನೆಗೆ. ಮಿಲಿಟರಿಯಿಂದ ನಿವೃತ್ತರಾಗಿ ರಕ್ಷಣಾ ಭದ್ರತಾ ದಳ, ಅಂದರೆ ಡಿಎಸ್‌ಸಿ ಸೇರಿದವರಾದರೆ ಅವರ ಸೆಂಟರ್ ಅಲ್ಲೇ ಇರುವುದರಿಂದ ಊರಿನ ಗಲ್ಲಿ ಗಲ್ಲಿ ಗೊತ್ತಿರುತ್ತದೆ. ಆದರೆ ಇವರಲ್ಲಿ ಎಷ್ಟು ಜನ ಕಡಲ ದಂಡೆಯ ಕೋಟೆಯೊಳಗೆ ಕಾಲಿಟ್ಟಿದ್ದಾರೆ ಅಂತ ಕೇಳಿ ನೋಡಿ. ಬೀಚ್‌ಗೆ ಹೋಗಿರುತ್ತಾರೆ, ಬಿರಿಯಾನಿ ತಿಂದಿರುತ್ತಾರೆ, ಕೋಟೆಯನ್ನು ಕಾರಿನ ಕಿಟಕಿಯಿಂದ ನೋಡಿರುತ್ತಾರೆ.

ಕಣ್ಣೂರಿನ ಸೇಂಟ್ ಏಂಜೆಲೊ ಕೋಟೆ, ತಲಶೇರಿಯ ಇಂಗ್ಲಿಷ್ ಕೋಟೆ, ಎರಡರ ಆಸುಪಾಸಿನ ಹಳೇ ಚರ್ಚುಗಳು ಮತ್ತು ಗೋರಿಗಳು, ಇಷ್ಟನ್ನು ಒಂದು ಪೂರ್ತಿ ದಿನದಲ್ಲಿ ನೋಡಬಹುದು. ಆರಾಮಾಗಿ ನೋಡಬೇಕು ಅಂದರೆ ಒಂದು ರಾತ್ರಿ ತಂಗಿ. ಇವು ಯಾರೋ ಪರಂಗಿಯವರ ಕಥೆ, ನಮಗೇನು ಅಂತ ಅಂದುಕೊಳ್ಳಬೇಡಿ. ಕೊಡಗಿನ ರಾಜರ ಭವಿಷ್ಯ ಎರಡು ಸಲ ತಿರುಗಿದ್ದು ಈ ದಂಡೆಯಿಂದ ಘಟ್ಟ ಹತ್ತಿ ಬಂದ ಸೈನ್ಯದಿಂದ. ಆ ಸೈನ್ಯ ಹತ್ತಿದ ಕಾಡಿನ ಮಗ್ಗುಲಲ್ಲೇ ನೀವು ಇಳಿಯುತ್ತೀರಿ.

ಯಾವಾಗ ಹೋಗಬೇಕು

ಊರೆಲ್ಲ ಹೇಳುವುದು ನವೆಂಬರ್‌ನಿಂದ ಫೆಬ್ರವರಿ ಅಂತ. ಹವೆಯ ಲೆಕ್ಕಕ್ಕೆ ಸರಿ. ಆದರೆ ಕಾಫಿ ತೋಟ ಇರುವವರಿಗೆ ಅದೇ ಹಣ್ಣು ಕೊಯ್ಯುವ ಕಾಲ. ಕಣ ಕಾಯಬೇಕು, ಆಳು ಹುಡುಕಬೇಕು, ಮೋಡ ಕಂಡರೆ ಟಾರ್ಪಾಲ್ ಎಳೆಯಬೇಕು. ಆಗ ಕೋಟೆ ನೋಡೋಕೆ ಹೊರಟರೆ ಮನೆಯಲ್ಲಿ ಬೈಗುಳ ಖಂಡಿತ. ಹಾಗಾಗಿ ತೋಟದವರಿಗೆ ನನ್ನ ಸಲಹೆ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಕಳೆದು, ಮಳೆ ಸ್ವಲ್ಪ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಹೋಗಿ ಬನ್ನಿ. ಕೋಟೆ ಹುಲ್ಲು ಹಸಿರಾಗಿರುತ್ತದೆ, ಬಿಸಿಲು ಇನ್ನೂ ಚುಚ್ಚುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಕೊಡೆ ಇಟ್ಟುಕೊಳ್ಳಿ.

ಮಾರ್ಚ್‌ನಿಂದ ಮೇ ತನಕ ನಮ್ಮ ಗುಡ್ಡದ ಜನಕ್ಕೆ ಆಗುವುದಿಲ್ಲ. ಕೆಳಗಿನ ಸೆಕೆ ಬೇರೆ ಥರ. ಶರ್ಟ್ ಒಣಗುವುದೇ ಇಲ್ಲ. ಆಗಲೇ ಹೋಗಬೇಕು ಅಂತಿದ್ದರೆ ಬೆಳಿಗ್ಗೆ ಬೇಗ ಒಂದು ಕೋಟೆ, ಸಂಜೆ ಇನ್ನೊಂದು. ನಡುವೆ ಎಲ್ಲಾದರೂ ಫ್ಯಾನ್ ಕೆಳಗೆ ಕೂತುಬಿಡಿ. ಜೂನ್‌ನಿಂದ ಆಗಸ್ಟ್ ಮಾತ್ರ ಬೇಡ. ಕೋಟೆ ಗೋಡೆ ಮೇಲೆ ಪಾಚಿ ಕಟ್ಟಿರುತ್ತದೆ, ಕಾಲು ಜಾರಿದರೆ ಕೆಳಗೆ ಬಂಡೆ ಮತ್ತು ಕಡಲು. ಘಟ್ಟದ ಕಥೆಯಂತೂ ನಿಮಗೇ ಗೊತ್ತು. 2018ರ ಮಳೆಗೆ ಮಾಕುಟ್ಟ ರಸ್ತೆ ಕುಸಿದು ಹೇಗಾಗಿತ್ತು ಅಂತ ಮರೆತಿಲ್ಲ ಅಲ್ವಾ?

ಶುರು ಮಡಿಕೇರಿಯಿಂದಲೇ ಮಾಡಿ

ಇದನ್ನು ಬಿಟ್ಟು ನೇರ ಕಡಲಿಗೆ ಓಡಬೇಡಿ. ಹಿಂದಿನ ದಿನ ಸಂಜೆಯೋ, ಬೇರೆ ಯಾವತ್ತೋ ಬಿಡುವಾದಾಗ ಮಡಿಕೇರಿ ಕೋಟೆಗೆ ಒಂದು ಗಂಟೆ ಕೊಡಿ. ದಿನಾ ಅದರ ಮುಂದೆ ಓಡಾಡಿದರೂ ಒಳಗಿನ ಚರ್ಚ್ ಕಟ್ಟಡವನ್ನು ಸರಿಯಾಗಿ ನೋಡಿದವರು ಕಡಿಮೆ. ಕೊಡಗಿನ ಅರಸ ಮುದ್ದುರಾಜ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಕರೆದ. ಆಮೇಲೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದು ಮಾಡಿಸಿದ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋದ ಮೇಲೆ, 1855ರಲ್ಲಿ, ಒಳಗಿದ್ದ ವೀರಭದ್ರ ದೇವಸ್ಥಾನ ತೆಗೆಸಿ ಅದೇ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಈಗ ಅದು ಸರಕಾರಿ ಮ್ಯೂಸಿಯಂ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಒಳಗೆ ಹೋದಾಗ ವೀರಗಲ್ಲು, ವಿಗ್ರಹಗಳ ಜೊತೆಗೆ ತಲೆ ಎತ್ತಿ ಕಟ್ಟಡವನ್ನೂ ನೋಡಿ. ಕಿಟಕಿಯ ಕಮಾನು, ಬಣ್ಣದ ಗಾಜು. ಕೋಟೆ ಗೆದ್ದವರು ಒಳಗೆ ತಮ್ಮ ಪ್ರಾರ್ಥನೆಯ ಜಾಗ ಕಟ್ಟಿಕೊಳ್ಳುತ್ತಾರೆ, ಅವರು ಹೋದ ಮೇಲೆ ಆ ಜಾಗ ಇನ್ನೇನೋ ಆಗುತ್ತದೆ. ಇದನ್ನು ಇಲ್ಲಿ ಕಣ್ಣಿಗೆ ಹಾಕಿಕೊಂಡು ಹೋದರೆ ಕೆಳಗಿನ ಕೋಟೆಗಳನ್ನು ಅರ್ಥ ಮಾಡಿಕೊಳ್ಳೋದು ಸುಲಭ.

ಮಾರನೇ ದಿನ ವಿರಾಜಪೇಟೆ ದಾಟುವಾಗ ಸೇಂಟ್ ಆ್ಯನ್ಸ್ ಚರ್ಚ್ ಹತ್ತಿರ ಹತ್ತು ನಿಮಿಷ ನಿಲ್ಲಿ. ಟಿಪ್ಪುವಿನ ಕಾಲದಲ್ಲಿ ಓಡಿ ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟು ನೆಲೆಗೊಳಿಸಿದ. ವಿರಾಜಪೇಟೆಯನ್ನು ಅವನು 1792ರಲ್ಲಿ ಕಟ್ಟಿಸಿದ್ದೇ ಇಂಗ್ಲಿಷ್ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ. ಈ ಅಬರ್‌ಕ್ರಾಂಬಿ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಸಿಗುತ್ತಾನೆ.

ಘಟ್ಟ ಇಳಿಯುವುದು

ಮಡಿಕೇರಿಯಿಂದ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಕೂಟುಪುಳ ಸೇತುವೆ, ಇರಿಟ್ಟಿ, ಮಟ್ಟನ್ನೂರು, ಕಣ್ಣೂರು. ಒಟ್ಟು ಸುಮಾರು 110 ಕಿಲೋಮೀಟರ್. ದೂರ ಕಡಿಮೆ ಅನ್ನಿಸಿದರೂ ಮೂರು ಗಂಟೆಗಿಂತ ಜಾಸ್ತಿಯೇ ಇಟ್ಟುಕೊಳ್ಳಿ. ವಿರಾಜಪೇಟೆಯಿಂದ ಹೊರಟರೆ ಎರಡೂವರೆ ಗಂಟೆ. ಬೆಳಿಗ್ಗೆ ಆರಕ್ಕೆ ವಿರಾಜಪೇಟೆ ಬಿಟ್ಟರೆ ತಿಂಡಿಗೆ ಇರಿಟ್ಟಿ, ಒಂಬತ್ತರ ಹೊತ್ತಿಗೆ ಕೋಟೆ ಬಾಗಿಲು.

ಬಸ್ಸಿನವರಿಗೂ ತೊಂದರೆ ಇಲ್ಲ. ವಿರಾಜಪೇಟೆಯಿಂದ ಆ ಕಡೆಗೆ ಬಸ್ ಸಿಗುತ್ತದೆ. ನೇರ ಬಸ್ ತಪ್ಪಿದರೆ ಇರಿಟ್ಟಿಗೆ ಹೋಗಿ ಬದಲಿಸಿ, ಅಲ್ಲಿಂದ ಕಣ್ಣೂರಿಗೂ ತಲಶೇರಿಗೂ ಬಸ್ಸಿಗೆ ಬರವಿಲ್ಲ. ಕೇರಳದ ಪ್ರೈವೇಟ್ ಬಸ್ಸಿನ ಓಟ ಗೊತ್ತಲ್ಲ, ಮುಂದಿನ ಸೀಟಲ್ಲಿ ಕೂತರೆ ದೇವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಘಟ್ಟದಲ್ಲಿ ಕೆಲವು ಮಾತು. ಪೆರುಂಬಾಡಿ ದಾಟಿದರೆ ಪೂರ್ತಿ ಕಾಡು. ಆನೆ ಇರುವ ಜಾಗ. ಕತ್ತಲಲ್ಲಿ ಇಳಿಯಬೇಡಿ, ಹತ್ತಲೂ ಬೇಡಿ. ತಿರುವಿನಲ್ಲಿ ಲಾರಿಗೆ ದಾರಿ ಬಿಡಿ. ಫೋಟೋಕ್ಕೆ ಅಂತ ಕಾಡಿನ ನಡುವೆ ಇಳಿಯುವ ಚಟ ಬೇಡ. ಪ್ಲಾಸ್ಟಿಕ್ ಎಸೆಯಬೇಡಿ ಅಂತ ಬೇರೆ ಹೇಳಬೇಕಾ? ಇನ್ನೊಂದು ಮುಖ್ಯ ವಿಷಯ. ಕೂಟುಪುಳದಲ್ಲಿ ಕೇರಳದ ಅಬಕಾರಿಯವರು ಗಾಡಿ ತಪಾಸಣೆ ಮಾಡುತ್ತಾರೆ. ಮನೆಯಲ್ಲಿ ಮಾಡಿದ ವೈನ್ ಅಂತ ಹೇಳಿದರೂ ಅವರಿಗೆ ಬಾಟಲಿ ಬಾಟಲಿಯೇ. ಬಿಟ್ಟು ಹೋಗಿ.

ಇಲ್ಲಿ ಕಾರಿನ ಕಿಟಕಿ ಇಳಿಸಿ ಸ್ವಲ್ಪ ಯೋಚಿಸಿ. 1790ರಲ್ಲಿ ದೊಡ್ಡವೀರರಾಜೇಂದ್ರ ತಲಶೇರಿಯ ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಂಡ, ಟಿಪ್ಪುವಿನ ವಿರುದ್ಧ. ಮುಂದಿನ ವರ್ಷ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕಡಲ ದಂಡೆಯಿಂದ ಈ ಘಟ್ಟ ಹತ್ತಿ ಶ್ರೀರಂಗಪಟ್ಟಣದ ಕಡೆ ಹೋಯಿತು. ಫಿರಂಗಿಗಳನ್ನು ಈ ಏರಿನಲ್ಲಿ ಎಳೆದುಕೊಂಡು! ಆಗ ಅವರು ಸ್ನೇಹಿತರು. 1834ರಲ್ಲಿ ಮತ್ತೆ ಕಣ್ಣೂರಿನಿಂದಲೇ ಒಂದು ಪಡೆ ಕರ್ನಲ್ ಫೌಲಿಸ್ ಜೊತೆ ಹೆಗ್ಗಳ ಘಟ್ಟದ ಮೂಲಕ ಹತ್ತಿತು. ಆಗ ಬಂದದ್ದು ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸೋಕೆ. ನಡುವೆ ಕಳೆದದ್ದು ನಲವತ್ಮೂರು ವರ್ಷ ಅಷ್ಟೇ.

ಕಣ್ಣೂರು: ಸೇಂಟ್ ಏಂಜೆಲೊ ಕೋಟೆ

ಮೊದಲು ಇಲ್ಲಿಗೇ ಬನ್ನಿ, ಬೆಳಿಗ್ಗೆಯೇ ಬನ್ನಿ. ಒಳಗೆ ಬಯಲು ಜಾಸ್ತಿ, ನೆರಳು ಕಡಿಮೆ. ಟೋಪಿ, ನೀರಿನ ಬಾಟಲಿ, ಹಿಡಿತ ಇರುವ ಚಪ್ಪಲಿ ಅಥವಾ ಶೂ ಬೇಕು. ಕೋಟೆ ಇರುವುದು ಕಂಟೋನ್ಮೆಂಟ್ ಕಡೆ, ಕಡಲಿಗೆ ಚಾಚಿದ ದಿಣ್ಣೆಯ ಮೇಲೆ. ದಾರಿಯಲ್ಲಿ ಮಿಲಿಟರಿ ಜಾಗಗಳಿವೆ, ಅಲ್ಲಿ ಮೊಬೈಲ್ ಎತ್ತಬೇಡಿ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರೇ ಬೈಯುತ್ತಾರೆ, ನಾನು ಹೇಳಬೇಕಾಗಿಲ್ಲ.

ಒಳಗೆ ಹೋದ ಕೂಡಲೇ ಎಲ್ಲರೂ ಕಡಲ ಕಡೆಗೆ ಓಡುತ್ತಾರೆ. ನೀವು ಓಡಬೇಡಿ. ಬಾಗಿಲಿನ ಹತ್ತಿರ ನಿಂತು ಹಿಂದಕ್ಕೆ ತಿರುಗಿ ನೋಡಿ. ಕೋಟೆ ಮುಕ್ಕೋನಾಕಾರ. ಎರಡು ಕಡೆ ನೀರು, ಒಂದೇ ಕಡೆ ನೆಲ. ಆ ನೆಲದ ಕಡೆ ಕಂದಕ ತೋಡಿದ್ದಾರೆ. ಅಂದರೆ ಕಟ್ಟಿದವರಿಗೆ ಕಡಲಿಗಿಂತ ಊರಿನ ಭಯವೇ ಜಾಸ್ತಿ. ಆ ಭಯಕ್ಕೆ ಕಾರಣವೂ ಇತ್ತು.

ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಈ ಕೋಟೆ ಶುರು ಮಾಡಿದ್ದು 1505ರಲ್ಲಿ, ಇಲ್ಲಿನ ಕೋಲತ್ತಿರಿ ರಾಜನ ಒಪ್ಪಿಗೆ ಪಡೆದು. ಎರಡು ವರ್ಷವೂ ಸರಿಯಾಗಿ ಕಳೆಯಲಿಲ್ಲ. ಒಬ್ಬ ಪೋರ್ಚುಗೀಸ್ ಕ್ಯಾಪ್ಟನ್ ಕಣ್ಣೂರಿನ ಹಡಗೊಂದನ್ನು, ಅವರೇ ಕೊಟ್ಟ ರಹದಾರಿ ಇದ್ದರೂ, ಹಿಡಿದು ಮುಳುಗಿಸಿದ. ಅದರಲ್ಲಿದ್ದ ಜನರನ್ನು ಕೊಂದು ಕಡಲಿಗೆ ಎಸೆದ. ಹೆಣಗಳು ದಡಕ್ಕೆ ಬಂದವು. ಊರು ತಿರುಗಿ ಬಿತ್ತು. ಕಲ್ಲಿಕೋಟೆಯ ಸಾಮೂದಿರಿಯೂ ಕೋಲತ್ತಿರಿಯ ಜೊತೆ ಸೇರಿದ. 1507ರಲ್ಲಿ ನಾಲ್ಕು ತಿಂಗಳು ಕೋಟೆಗೆ ಮುತ್ತಿಗೆ.

ಒಳಗಿದ್ದ ನಾಯಕ ಲೊರೆನ್ಸೊ ದ ಬ್ರಿಟೊ. ಅವನ ದೊಡ್ಡ ತಲೆನೋವು ನೀರು, ಯಾಕೆಂದರೆ ಕುಡಿಯುವ ನೀರಿನ ಬಾವಿ ಕೋಟೆಯ ಹೊರಗಿತ್ತು. ಪ್ರತಿ ಕೊಡ ನೀರಿಗೂ ಹೊಡೆದಾಡಬೇಕು. ಕೊನೆಗೆ ನೆಲದಡಿ ಸುರಂಗ ತೋಡಿ ಬಾವಿಗೆ ದಾರಿ ಮಾಡಿಕೊಂಡರು. ನೀರಾಯಿತು, ಊಟ ಮುಗಿಯಿತು. ಹಸಿವಿನಿಂದ ಸಾಯುವ ಹೊತ್ತಿಗೆ, ಆಗಸ್ಟ್ 15ರಂದು, ಮೇರಿಯ ಹಬ್ಬದ ದಿನ, ಅಲೆಗಳು ರಾಶಿ ರಾಶಿ ಲಾಬ್‌ಸ್ಟರ್ ತಂದು ದಡಕ್ಕೆ ಹಾಕಿದವು ಅಂತ ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. ಅವರ ಪಾಲಿಗೆ ಅದು ಪವಾಡ. ಕೆಲವು ದಿನದಲ್ಲೇ ತ್ರಿಸ್ತಾವೊ ದ ಕುನ್ಯನ ಹಡಗುಗಳು ಬಂದು ಅವರನ್ನು ಉಳಿಸಿದವು. ಕಡಲ ಕಡೆಯ ಗೋಡೆ ಮೇಲೆ ನಿಂತು ಕೆಳಗಿನ ಬಂಡೆಗಳನ್ನು ನೋಡುವಾಗ ಈ ಕಥೆ ಮಕ್ಕಳಿಗೆ ಹೇಳಿ. ಲಾಬ್‌ಸ್ಟರ್ ಭಾಗ ಬಂದಾಗ ಮೊಬೈಲ್ ಕೆಳಗಿಡುತ್ತಾರೆ, ಗ್ಯಾರಂಟಿ.

ಈಗ ಒಂದು ತಕರಾರು. ಎಲ್ಲರೂ ಇದನ್ನು ಪೋರ್ಚುಗೀಸ್ ಕೋಟೆ ಅಂತ ಕರೆದು ಮುಗಿಸುತ್ತಾರೆ. ನೀವು ನೋಡುತ್ತಿರುವುದರಲ್ಲಿ ಪೋರ್ಚುಗೀಸರ ಪಾಲು ಕಡಿಮೆ. 1663ರಲ್ಲಿ ಡಚ್ಚರು ಕೋಟೆ ಹಿಡಿದರು. ಹಳೇದನ್ನು ಹಾಗೇ ಬಿಡಲಿಲ್ಲ, ತಮ್ಮ ಕಾಲದ ಫಿರಂಗಿ ಯುದ್ಧಕ್ಕೆ ತಕ್ಕಂತೆ ಬದಲಿಸಿದರು. ಮೂಲೆಗಳಲ್ಲಿ ಮುಂದಕ್ಕೆ ಚಾಚಿದ ಬುರುಜುಗಳಿವೆಯಲ್ಲ, ಅವಕ್ಕೆ ಹೊಲಾಂಡಿಯ, ಝೀಲಾಂಡಿಯ, ಫ್ರೀಸ್‌ಲಾಂಡಿಯ ಅಂತ ತಮ್ಮ ದೇಶದ ಪ್ರಾಂತ್ಯಗಳ ಹೆಸರಿಟ್ಟರು. ಬುರುಜಿನ ಮೇಲೆ ನಿಂತು ಪಕ್ಕದ ಗೋಡೆ ಕಡೆ ನೋಡಿ. ಗೋಡೆಯ ಬುಡದವರೆಗೂ ಕಾಣುತ್ತದೆ, ಹತ್ತಿ ಬರುವವನಿಗೆ ಅಡಗುವ ಜಾಗವೇ ಇಲ್ಲ. ಬುರುಜು ಚಾಚಿಕೊಂಡಿರುವುದು ಅದಕ್ಕೇ. 1772ರಲ್ಲಿ ಡಚ್ಚರು ಇದನ್ನು ಕಣ್ಣೂರಿನದೇ ರಾಜಮನೆತನವಾದ ಅರಕ್ಕಲ್‌ನ ಅಲಿ ರಾಜನಿಗೆ ಮಾರಿದರು. ಹೌದು, ಕೋಟೆಯನ್ನೇ ಮಾರಾಟ. 1790ರ ಡಿಸೆಂಬರ್‌ನಲ್ಲಿ ನಮ್ಮ ಅಬರ್‌ಕ್ರಾಂಬಿ ಬಂದು ಕಣ್ಣೂರು ಹಿಡಿದ. ಅಲ್ಲಿಂದಲೇ ಅವನು ಕೊಡಗಿನ ಘಟ್ಟಕ್ಕೆ ಮುಖ ಮಾಡಿದ್ದು. ಆಮೇಲೆ ಇದು ಮಲಬಾರಿನಲ್ಲಿ ಇಂಗ್ಲಿಷರ ಮುಖ್ಯ ಸೈನ್ಯದ ಠಾಣೆಯಾಯಿತು.

ಇಷ್ಟೂ ಜನರ ಕೈ ಗೋಡೆಯಲ್ಲಿ ಹುಡುಕಬಹುದು. ಕಲ್ಲು ಎಲ್ಲ ಕೆಂಪುಕಲ್ಲು, ನಮ್ಮ ಕಡೆ ಮನೆ ಕಟ್ಟೋಕೆ ಲಾರಿಯಲ್ಲಿ ತರಿಸುತ್ತೇವಲ್ಲ, ಅದೇ ಜಾತಿ. ನೆಲದಿಂದ ಕೀಳುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಹಾಗಾಗಿ ಕಡಲ ದಂಡೆಯಲ್ಲಿ ಇಷ್ಟು ದೊಡ್ಡ ಗೋಡೆ ಕಟ್ಟೋಕೆ ಸಾಧ್ಯವಾಯಿತು. ಉಪ್ಪು ಗಾಳಿಗೆ ಸವೆದು ಜೇನುಗೂಡಿನ ಹಾಗೆ ತೂತು ಬಿದ್ದ ಕಲ್ಲುಗಳನ್ನು ಕಡಲ ಕಡೆ ನೋಡುತ್ತೀರಿ. ಗಾರೆ ಮೆತ್ತಿದ ಭಾಗ ಬೇರೆ, ಬರೀ ಕಲ್ಲಿನ ಭಾಗ ಬೇರೆ. ಕಮಾನುಗಳ ಉದ್ದ ಸಾಲು ಕುದುರೆ ಲಾಯ, ಒಳಗೆ ಹೋಗಿ ನಿಂತರೆ ತಂಪು. ಬಂದೀಖಾನೆಯ ಕೋಣೆಗೂ ಒಮ್ಮೆ ಇಣುಕಿ. ಸಾಲಾಗಿ ನಿಲ್ಲಿಸಿದ ಫಿರಂಗಿಗಳ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವವರು ಸಿಗುತ್ತಾರೆ. ನೀವು ಅವರ ಥರ ಆಗಬೇಡಿ.

ಡಚ್ ಗೋರಿ ಕಲ್ಲನ್ನು ತಪ್ಪದೆ ಹುಡುಕಿ. ಕಮಾಂಡರ್ ಗಾಡ್‌ಫ್ರೀಡ್ ವೇಯರ್‌ಮನ್‌ನ ಹೆಂಡತಿ ಸುಸಾನ್ನಾಳದು. ಅವಳು ತೀರಿಕೊಂಡದ್ದು 1745ರಲ್ಲಿ. ಆಗ ಅವಳಿಗೆ ಹದಿನೇಳು ವರ್ಷ. ಇಡೀ ಕೋಟೆಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ರಾಜರು, ವೈಸ್‌ರಾಯ್‌ಗಳು, ಜನರಲ್‌ಗಳ ಹೆಸರು ಎಲ್ಲಿ ಬೇಕಾದರೂ ಓದಬಹುದು. ಪಿಯುಸಿ ಓದುವ ವಯಸ್ಸಿನ ಹುಡುಗಿ ಯಾವುದೋ ದೇಶದವಳು ಈ ಸೆಕೆಯಲ್ಲಿ, ಈ ಕೆಂಪು ಗೋಡೆಗಳ ಒಳಗೆ ಹೇಗೆ ದಿನ ಕಳೆದಳೋ. ಅವಳ ಹೆಸರನ್ನಾದರೂ ಒಂದು ಸಲ ಓದಿ.

ಹೊರಡುವ ಮುಂಚೆ ಬುರುಜಿನಿಂದ ಮಾಪ್ಪಿಳ ಬೇ ನೋಡಿ. ಕೋಟೆ ಬುಡದಲ್ಲೇ ಮೀನುಗಾರರ ಬಂದರು. ದೋಣಿ ತುಂಬಿದ ಆ ನೀರಿನ ಆಚೆ ದಡದ ಆಯಿಕ್ಕರದಲ್ಲಿ ಅರಕ್ಕಲ್ ಮನೆತನದವರ ಅರಮನೆ, ಅದರ ಒಂದು ಭಾಗ ಈಗ ಮ್ಯೂಸಿಯಂ. ಕೇರಳದ ಏಕೈಕ ಮುಸ್ಲಿಂ ರಾಜಮನೆತನ ಅದು. ಲಕ್ಷದ್ವೀಪದ ಕೆಲವು ದ್ವೀಪಗಳ ಮೇಲೆ ಅವರದೇ ಅಧಿಕಾರ ಇತ್ತು. ಪಟ್ಟಕ್ಕೆ ಹೆಂಗಸರೂ ಬರುತ್ತಿದ್ದರು, ಅವರಿಗೆ ಬೀವಿ ಅಂತ ಬಿರುದು. ಸಮಯ ಇದ್ದರೆ ಕೋಟೆ ಮುಗಿಸಿ ಅಲ್ಲಿಗೂ ಹೋಗಿ. ಕೋಟೆಗೆ ಎರಡು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಮುಗಿಸುವವರು ಸುಮ್ನೆ ಪೆಟ್ರೋಲ್ ಸುಟ್ಟಿದ್ದಾರೆ ಅಂತಲೇ ಲೆಕ್ಕ.

ಕಣ್ಣೂರಿನ ಚರ್ಚುಗಳು

ಕೋಟೆಯಿಂದ ದೂರ ಇಲ್ಲ. ಕಂಟೋನ್ಮೆಂಟ್‌ನಲ್ಲಿ ಸೇಂಟ್ ಜಾನ್ಸ್ ಇಂಗ್ಲಿಷ್ ಚರ್ಚ್ ಇದೆ. ಕಂಪನಿ ಕಾಲದ್ದು, 1811ರದ್ದು, ಈಗ ದಕ್ಷಿಣ ಭಾರತ ಚರ್ಚ್, ಅಂದರೆ ಸಿಎಸ್‌ಐನವರ ಕೈಯಲ್ಲಿದೆ. ಬರ್ಣಶ್ಶೇರಿಯಲ್ಲಿ ಹೋಲಿ ಟ್ರಿನಿಟಿ ಕ್ಯಾಥೆಡ್ರಲ್, ಅದು ಕ್ಯಾಥೊಲಿಕರದು. ಎರಡೂ ಪಾಳು ಬಿದ್ದಿಲ್ಲ, ಪೂಜೆ ಪ್ರಾರ್ಥನೆ ನಡೆಯುವ ಜಾಗಗಳು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುವಾಗ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಬಾಗಿಲು ಹಾಕಿದ್ದರೆ ಆವರಣದಲ್ಲಿ ಯಾರಾದರೂ ಇರುತ್ತಾರೆ, ಕೇಳಿ. ಮಲಯಾಳ ನಮ್ಮಲ್ಲಿ ಅರ್ಧ ಜನಕ್ಕೆ ಬರುತ್ತದೆ, ಬಾರದವರು "ಚೇಟ್ಟಾ, ಒಳಗೆ ನೋಡಬಹುದಾ" ಅಂತ ಕನ್ನಡದಲ್ಲೇ ಕೇಳಿದರೂ ಅರ್ಥವಾಗುತ್ತದೆ. ವಿರಾಜಪೇಟೆಯಿಂದ ಬಂದೆವು ಅಂದರೆ ಸಾಕು, "ಅಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ" ಅಂತ ಶುರುವಾಗುತ್ತದೆ ಮಾತು.

ತಲಶೇರಿ

ಕಣ್ಣೂರಿನಿಂದ ಸುಮಾರು 22 ಕಿಲೋಮೀಟರ್. ರೈಲಿನಲ್ಲಿ ಹೋದರೆ ಟ್ರಾಫಿಕ್ ತಲೆನೋವಿಲ್ಲ, ಇಳಿದು ಆಟೋ ಹಿಡಿಯಿರಿ. ಕಾರಿನಲ್ಲಿ ಹೋಗುವವರು ಒಂದು ಎಚ್ಚರ ವಹಿಸಿ. 2024ರಲ್ಲಿ ಮುಳಪ್ಪಿಲಂಗಾಡ್‌ನಿಂದ ಹೊಸ ಬೈಪಾಸ್ ಆಗಿದೆ. ಮೊಬೈಲ್ ಮ್ಯಾಪ್ ನಂಬಿ ಅದಕ್ಕೆ ಹತ್ತಿಬಿಟ್ಟರೆ ತಲಶೇರಿ ಊರನ್ನು ಪಕ್ಕಕ್ಕೆ ಬಿಟ್ಟು ಮಾಹೆ ಆಚೆ ಇಳಿಯುತ್ತೀರಿ. ಹಳೇ ರಸ್ತೆಯಲ್ಲೇ ಧರ್ಮಡಂ ಮೂಲಕ ಹೋಗಿ. ಮುಳಪ್ಪಿಲಂಗಾಡ್‌ನಲ್ಲಿ ಮರಳ ಮೇಲೆ ಕಾರು ಓಡಿಸುವ ಬೀಚ್ ಇದೆ. ಹುಡುಗರು ಹಠ ಮಾಡುತ್ತಾರೆ. ಒಂದು ಸಲ ಓಡಿಸಿ, ಮನೆಗೆ ಬಂದು ಗಾಡಿಯ ತಳಕ್ಕೆ ಚೆನ್ನಾಗಿ ನೀರು ಹೊಡೆಸಿ, ಉಪ್ಪು ಕಬ್ಬಿಣ ತಿನ್ನುತ್ತದೆ.

ತಲಶೇರಿ ಕೋಟೆ ಕಟ್ಟಿದ್ದು 1708ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು. ಕಣ್ಣೂರಿನದಕ್ಕಿಂತ ಚಿಕ್ಕದು, ಚೌಕಾಕಾರ, ಎತ್ತರ ಜಾಸ್ತಿ. ಉದ್ದೇಶ ಮೆಣಸು ಕಾಯುವುದು. ಒಳ್ಳೆ ಮೆಣಸು, ಸುತ್ತ ಫ್ರೆಂಚರು, ಡಚ್ಚರು, ನಾಡಿನ ಅರಸರು, ಹಾಗಾಗಿ ಗೋಡಾನಿಗೆ ಕೋಟೆ ಬೇಕಾಯಿತು. ದೊಡ್ಡ ಬಾಗಿಲು, ನೆಲದಡಿಯ ಕೋಣೆಗಳು, ಕಡಲ ಕಡೆ ಹೋಗುವ ಸುರಂಗ, ಗೋಡೆ ಮೇಲೆ ಹಳೇ ದೀಪಸ್ತಂಭ. ಹೈದರಾಲಿಯ ಸೇನಾನಿ ಸರ್ದಾರ್ ಖಾನ್ ಈ ಊರನ್ನು ತಿಂಗಳುಗಟ್ಟಲೆ ಮುತ್ತಿ ಕೂತಿದ್ದ. 1782ರ ಜನವರಿಯಲ್ಲಿ ಮೇಜರ್ ಅಬಿಂಗ್ಟನ್ ಹೊರಬಿದ್ದು ಅವನ ಪಾಳೆಯದ ಮೇಲೆ ಬಿದ್ದ, ಮುತ್ತಿಗೆ ಮುರಿಯಿತು. ಒಂದು ಗಂಟೆಯಲ್ಲಿ ಇಡೀ ಕೋಟೆ ನೋಡಬಹುದು.

ನನಗೆ ಕೋಟೆಗಿಂತ ಇಷ್ಟ ಅದರ ಹಿಂದಿನ ಜಾಗ. ಹೋಲಿ ರೋಸರಿ ಚರ್ಚ್ ಪಕ್ಕದಲ್ಲೇ. ಕಡಲ ಕಡೆ ಸೇಂಟ್ ಜಾನ್ಸ್ ಆಂಗ್ಲಿಕನ್ ಚರ್ಚ್. ಅದರ ಸ್ಮಶಾನದಲ್ಲಿ ಎಡ್ವರ್ಡ್ ಬ್ರೆನ್ನನ್ ಎಂಬವನ ಗೋರಿ. ಬಂದರಿನಲ್ಲಿ ಮಾಸ್ಟರ್ ಅಟೆಂಡೆಂಟ್ ಆಗಿದ್ದವನು, 1859ರಲ್ಲಿ ಸತ್ತ. ಜಾತಿ ಮತ ನೋಡದೆ ಎಲ್ಲ ಮಕ್ಕಳಿಗೂ ಶಾಲೆ ಆಗಲಿ ಅಂತ ದುಡ್ಡು ಬಿಟ್ಟು ಹೋದ. 1862ರಲ್ಲಿ ಶಾಲೆ ಶುರುವಾಯಿತು, ಅದೇ ಬೆಳೆದು ಈಗಿನ ಬ್ರೆನ್ನನ್ ಕಾಲೇಜು. ಗೋರಿಗಳ ನಡುವೆ ನಡೆಯುವಾಗ ಕಾಲು ಎಲ್ಲಿಡುತ್ತೀರಿ ನೋಡಿ. ಹುಲ್ಲು ಬೆಳೆದಿದ್ದರೆ ಕೋಲಿನಿಂದ ತಟ್ಟಿ ಮುಂದೆ ಹೋಗಿ. ಹಾವಿನ ವಿಷಯ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಕಡಲ ದಂಡೆಗೆ ಹೋದರೆ 1910ರ ಕಡಲ್‌ಪಾಲಂ. ಹಡಗಿಗೆ ಸರಕು ಏರಿಸಿ ಇಳಿಸೋಕೆ ಕಟ್ಟಿದ ಕಬ್ಬಿಣದ ಕಂಬಗಳ ಸೇತುವೆ, ಈಗ ತುಕ್ಕು ಹಿಡಿದು ನಿಂತಿದೆ. ಅದರ ಮೇಲೆ ನಡೆಯುವ ಸಾಹಸ ಬೇಡ, ದಡದಿಂದ ನೋಡಿ. ನಮ್ಮ ಕಾಫಿಗೆ ಹೊರ ದೇಶದ ದಾರಿ ತೋರಿಸಿದ್ದು ಈ ಬಂದರು. ಆ ಕಾಲದಲ್ಲಿ ಗಾಡಿಗಳು ಕಾಫಿ ಹೇರಿಕೊಂಡು ಇದೇ ಘಟ್ಟ ಇಳಿದು ತಲಶೇರಿಗೆ ಬರುತ್ತಿದ್ದವು. ಮಗ್ಗುಲಿನ ಹಳೇ ಗೋಡಾನುಗಳ ಸಾಲು ನೋಡಿದರೆ ಆಗಿನ ವ್ಯಾಪಾರದ ಅಂದಾಜು ಸಿಗುತ್ತದೆ.

ಇನ್ನೂ ಹೊತ್ತಿದ್ದರೆ ಇಲ್ಲಿಕ್ಕುನ್ನಿನ ಗುಂಡರ್ಟ್ ಬಂಗಲೆಗೆ ಹೋಗಿ. ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ ಇದ್ದ ಮನೆ. ಮಲಯಾಳದ ಮೊದಲ ಪತ್ರಿಕೆ ರಾಜ್ಯಸಮಾಚಾರಂ 1847ರಲ್ಲಿ ಹೊರಟದ್ದು ಅಲ್ಲಿಂದ. ಅದಕ್ಕೆ ನಾಲ್ಕು ವರ್ಷ ಮುಂಚೆ ಮಂಗಳೂರಿನಲ್ಲಿ ಮಂಗಳೂರ ಸಮಾಚಾರ ತಂದ ಹರ್ಮನ್ ಮೋಗ್ಲಿಂಗ್ ಇದೇ ಮಿಶನ್ನಿನವನು, 1853ರಲ್ಲಿ ಕೊಡಗಿಗೆ ಬಂದು ನಮ್ಮ ನಾಡಿನ ಬಗ್ಗೆ ಪುಸ್ತಕವನ್ನೂ ಬರೆದ.

ಊಟ, ಫೋಟೋ, ಕೈ ಚಳಕ

ಊಟ ತಲಶೇರಿಯಲ್ಲೇ. ಸಣ್ಣ ಅಕ್ಕಿಯ ದಮ್ ಬಿರಿಯಾನಿ, ಬಾಸುಮತಿ ಅಲ್ಲ. ಮಧ್ಯಾಹ್ನ ಒಂದೂವರೆಯೊಳಗೆ ಹೋಗಿ ಕೂತರೆ ಬಿಸಿ ದಮ್ ಸಿಗುತ್ತದೆ. ಸಂಜೆ ಚಹಾದ ಜೊತೆ ಬಾಳೆಹಣ್ಣಿನ ಸಿಹಿ ತಿಂಡಿ ಉನ್ನಕ್ಕಾಯಿ, ಕಡಲ ಚಿಪ್ಪಿನ ಕಲ್ಲುಮ್ಮಕ್ಕಾಯಿ. ಸಸ್ಯಾಹಾರಿಗಳು ಇರಿಟ್ಟಿಯಿಂದಲೇ ಹೋಟೆಲ್ ವಿಚಾರಿಸಿಕೊಂಡು ಹೋಗಿ, ಆಯ್ಕೆ ಕಡಿಮೆ.

ಎರಡೂ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಮೊಬೈಲ್‌ನಲ್ಲಿ ತೆಗೆಯೋದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು. ಮದುವೆ ಮುಂಚಿನ ಫೋಟೋಶೂಟ್ ಅಂತ ಹಠ ಹಿಡಿದು ಹೋಗುವವರು ಇದನ್ನು ಎರಡು ಸಲ ಓದಿ. ಗೋಡೆ ಮೇಲೆ ಹೆಸರು ಕೆತ್ತುವ ಚಟ ಇರುವವರಿಗೆ ಒಂದು ಸುದ್ದಿ: ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಗಾಳಿಗೆ ಗಟ್ಟಿಯಾದರೂ ಕೆಂಪುಕಲ್ಲು ಕೀಲಿಕೈಗೂ ಸವೆಯುತ್ತದೆ. ಅದಕ್ಕೇ ಕೈ ಹಿಡಿದುಕೊಳ್ಳಿ. ಬಿದ್ದ ಕಲ್ಲಿನ ಚೂರನ್ನು ನೆನಪಿಗೆ ಅಂತ ಜೇಬಿಗೆ ಹಾಕುವುದೂ ಬೇಡ.

ವಾಪಸ್ ಹತ್ತುವುದು

ಒಂದೇ ದಿನದಲ್ಲಿ ಮುಗಿಸುವವರು ಮೂರೂವರೆಗೆ ತಲಶೇರಿ ಬಿಡಿ. ಕೂತುಪರಂಬ, ಮಟ್ಟನ್ನೂರು, ಇರಿಟ್ಟಿ, ಆಮೇಲೆ ಘಟ್ಟ. ಬೆಳಕಿದ್ದಾಗಲೇ ಪೆರುಂಬಾಡಿ ಹತ್ತಬೇಕು. ತಂಗುವವರು ಸಂಜೆ ತಲಶೇರಿಯ ಓವರ್‌ಬರೀಸ್ ಫಾಲಿಗೆ (ಫಾಲಿ ಅಂದರೆ ಇಂಗ್ಲಿಷಿನಲ್ಲಿ ಹುಚ್ಚಾಟ) ಹೋಗಿ ಕೂರಿ. 1879ರಲ್ಲಿ ಇಲ್ಲಿನ ಜಡ್ಜ್ ಓವರ್‌ಬರಿ ಕಡಲ ಬಂಡೆ ಮೇಲೆ ವಿಹಾರದ ತಾಣ ಕಟ್ಟಿಸಲು ಹೊರಟು ಅರ್ಧಕ್ಕೆ ಬಿಟ್ಟದ್ದು.

ಮಳೆಗೆ ಮಾಕುಟ್ಟ ರಸ್ತೆ ಮುಚ್ಚಿದ್ದರೆ ಎರಡು ದಾರಿ. ದಕ್ಷಿಣ ಕೊಡಗಿನವರು ತಲಶೇರಿಯಿಂದ ಕೂತುಪರಂಬ, ನೆಡುಂಪೊಯಿಲ್, ಮಾನಂತವಾಡಿ, ಕುಟ್ಟ ಮೂಲಕ ಗೋಣಿಕೊಪ್ಪ ಸೇರಬಹುದು. ಭಾಗಮಂಡಲ, ಮಡಿಕೇರಿ ಕಡೆಯವರು ಕಣ್ಣೂರಿನಿಂದ ಪಯ್ಯನ್ನೂರು, ಕಾಞಂಗಾಡ್ ಹಾದು ಪಾಣತ್ತೂರು, ಕರಿಕೆ ಮೇಲೆ ಹತ್ತಬಹುದು. ಎರಡೂ ಸುತ್ತು, ಎರಡರಲ್ಲೂ ಘಟ್ಟ ಇದೆ, ಎರಡಕ್ಕೂ ಮಳೆಗಾಲದ ಕಾಟ ಇದ್ದದ್ದೇ. ಹೊರಡುವ ಮುಂಚೆ ಆ ದಾರಿಯಲ್ಲಿ ಓಡಾಡುವ ಬಸ್ಸಿನವರನ್ನೋ ಲಾರಿಯವರನ್ನೋ ಕೇಳಿ. ಮ್ಯಾಪ್‌ಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ.